ಜಾಗವ ಉಳಿಸುವ ಬಗೆ

ನಮ್ಮ ಕನ್ನಡ ಸಂಘದ ಸಂಕ್ರಾಂತಿ ತೊಂಬತ್ತೇಳನೇ ಇಸವಿಯಲ್ಲಿ ಫೆಬ್ರವರಿಗೆ ಬಂತು. ಸೂರ್ಯ ತನ್ನ ಪಾಡಿಗೆ ಜನವರಿಯಲ್ಲೇ ದಾರಿ ಬದಲಿಸಿದ್ದ. ಆದರೆ ಬಾಲ್ಟಿಮೋರ್ ಹತ್ತಿರದ ಎಲಿಕಾಟ್ ಸಿಟಿಯ ಶಾಲೆಯೊಂದು ತನ್ನ ಕೆಫೆಟೇರಿಯಾವನ್ನು ನಮಗೆ ಬಿಟ್ಟುಕೊಟ್ಟದ್ದು ಫೆಬ್ರವರಿಯ ಒಂದು ಶನಿವಾರ. ಎಳ್ಳುಬೆಲ್ಲ ಕೆಡುವ ಪದಾರ್ಥವಲ್ಲವಾದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಆ ಶನಿವಾರಕ್ಕಾಗಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾದವಳು ನನ್ನ ಮಗಳ ಮಗಳು ಮಾನ್ಯಾ. ಆಗ ಅವಳಿಗೆ ಹನ್ನೊಂದು ವರ್ಷ. ಅವಳಿಗೆ ಬೇಕಾಗಿದ್ದದ್ದು ಎಳ್ಳುಬೆಲ್ಲವಲ್ಲ. ಜಾಗ್ವಾರಿನ ಪರವಾಗಿ ಸರ್ಕಾರಕ್ಕೆ ನಾಲ್ಕು ಸಾಲು ಬರೆದುಕೊಡುವಂಥ ದೊಡ್ಡವರು.

ಜಾಗ್ವಾರ್ ಅಂದರೆ ಕಾರಲ್ಲ, ಮೈತುಂಬ ಚುಕ್ಕೆಯಿರುವ ದೊಡ್ಡ ಬೆಕ್ಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಉಂಟು, ಮೆಕ್ಸಿಕೋದಲ್ಲಿ ಅಲ್ಲಲ್ಲಿ ಉಂಟು, ನಮ್ಮ ಅಮೆರಿಕದಲ್ಲಿ ಮುಗಿದೇಹೋಯಿತು ಎಂದು ಬಹಳ ಜನ ತಿಳಿದಿದ್ದರು. ಹಿಂದಿನ ವರ್ಷ ಅರಿಜೋನದ ಗಡಿಯ ಗುಡ್ಡಗಳಲ್ಲಿ ದನ ಸಾಕುವ ಒಬ್ಬಾತ ಬೇಟೆನಾಯಿಗಳ ಜೊತೆ ಹೋಗಿದ್ದಾಗ ಅದು ಎದುರಾಯಿತು. ಆತ ಫೋಟೋ ತೆಗೆದುಕೊಂಡು, ನಾಯಿಗಳನ್ನು ಹಿಂದಕ್ಕೆ ಕರೆದು, ಅದನ್ನು ಅದರ ದಾರಿಗೆ ಬಿಟ್ಟ. ಮಾನ್ಯಾಳ ಟೀಚರ್ ಆ ಫೋಟೋವನ್ನು ತರಗತಿಯಲ್ಲಿ ತೋರಿಸಿದ್ದರು. ಅಂದಿನಿಂದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಅದರದೇ ಚಿತ್ರ.

ಇದರಲ್ಲಿ ಒಂದು ಕಾನೂನಿನ ತೊಡಕೂ ಇತ್ತು. ಬೇರೆ ದೇಶಗಳಲ್ಲಿರುವ ಜಾಗ್ವಾರನ್ನು ಅಮೆರಿಕದ ಸರ್ಕಾರ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಎಂದೋ ಸೇರಿಸಿತ್ತು. ಅಮೆರಿಕದ ಒಳಗೆ ಕಾಲಿಟ್ಟ ಜಾಗ್ವಾರಿಗೆ ಮಾತ್ರ ಆ ರಕ್ಷಣೆ ಇರಲಿಲ್ಲ; ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು. ಈಗ ಸೇರಿಸೋಣವೇ ಎಂದು ಜನರ ಅಭಿಪ್ರಾಯ ಕೇಳಿದ್ದರು. ಯಾರು ಬೇಕಾದರೂ ಬರೆಯಬಹುದು. ಆದರೆ ಮುಂದಿನ ವಾರದೊಳಗೆ.

ಮಾನ್ಯಾಳ ಗೆಳತಿಯೊಬ್ಬಳು ತನ್ನ ಚರ್ಚಿನವರಿಂದ ಒಂದು ಚೀಲ ಕಾಗದ ಬರೆಸಿ ತಂದಳು. ಇನ್ನೊಬ್ಬಳು ಈಜುವ ಕ್ಲಬ್ಬಿನಿಂದ ತಂದಳು. ಮಾನ್ಯಾಳ ಹತ್ತಿರ ಇದ್ದವು ಅಪ್ಪ, ಅಮ್ಮ, ತಾತ, ಅಜ್ಜಿಯ ಕಾಗದಗಳು. ಪೋಸ್ಟ್‌ಮ್ಯಾನ್ ಯೋಚನೆ ಮಾಡುತ್ತೇನೆ ಎಂದಿದ್ದ.

"ಅಜ್ಜಿ, ನಮ್ಮ ಚರ್ಚ್ ಯಾವುದು?" ಎಂದು ಅವಳು ಒಂದು ಸಂಜೆ ಕೇಳಿದಳು.

ನಾನು ಯೋಚಿಸಿ, "ಕನ್ನಡ ಸಂಘ" ಎಂದೆ.

ಅವಳ ಮುಖ ಚಿಕ್ಕದಾಯಿತು. ಅದಕ್ಕೆ ಕಾರಣವಿತ್ತು. ನಮ್ಮ ಸಂಘದ ವೇದಿಕೆಯ ಮೇಲೆ ಕನ್ನಡವನ್ನು ಮಾತ್ರ ಆಡಬೇಕು. ಹಿಂದಿನ ದೀಪಾವಳಿಗೆ ಅವಳು ಅಲ್ಲಿ ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತ, ಅವಳ ತಾತ ಮೂರು ತಿಂಗಳ ಮಟ್ಟಿಗೆ ಮೈಸೂರಿಗೆ ಹೋದದ್ದನ್ನು, "ನಮ್ಮ ತಾತ ಹೋಗಿಬಿಟ್ಟರು" ಎಂದಿದ್ದಳು. ಸಭೆ ಲೊಚಗುಟ್ಟಿತು. ಆಗ ಹಿಂದಿನ ಸಾಲಿನಲ್ಲಿ, ಊರಿಂದ ಆಗಷ್ಟೇ ಮರಳಿದ್ದ ನನ್ನ ಯಜಮಾನರು ಕೃಷ್ಣಪ್ರಸಾದರು ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ಎದ್ದು ನಿಂತು, "ವಾಪಸ್ ಬಂದಿದ್ದೀನಿ" ಎಂದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂದಿನಿಂದ ಮಾನ್ಯಾ ಮನೆಯಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು.

"ದೇ ವಿಲ್ ಲಾಫ್, ಅಜ್ಜಿ."

"ನಗಬಹುದು" ಎಂದೆ. ಸುಳ್ಳು ಹೇಳುವುದು ಹೇಗೆ?

ಅವಳು ಫ್ರಿಜ್ಜಿನ ಬಾಗಿಲನ್ನು ನೋಡಿದಳು. "ಓಕೆ. ಅವನಿಗೋಸ್ಕರ" ಎಂದಳು, ಕನ್ನಡದಲ್ಲೇ.

ನಾವಿಬ್ಬರೂ ಭಾಷಣ ಸಿದ್ಧಮಾಡಲು ಕೂತೆವು. ಮೊದಲ ಶಬ್ದಕ್ಕೇ ನಿಂತೆವು. ನಾನು ಚಿರತೆ ಅನ್ನೋಣವೇ ಎಂದೆ. ಅದು ಲೆಪರ್ಡ್ ಎಂದಳು. ಚೀತಾ ಎಂದೆ. ನನ್ನ ಕಡೆ ಕನಿಕರದಿಂದ ನೋಡಿದಳು. ಅಮೆರಿಕದ ಚಿರತೆ ಅಂದರೆ ಹೇಗೆ ಎಂದೆ.

"ಅಜ್ಜಿ, ಅದು ನಿಂಗೆ ತಾತ ಅಂತ ಕರೆದ ಹಾಗೆ."

ಆಮೇಲೆ ಚಿತ್ರ ತಂದು ತೋರಿಸಿದಳು. ಇಬ್ಬರ ಮೈಮೇಲೂ ಹೂವಿನಂಥ ಗುರುತುಗಳಿವೆ. ಚಿರತೆಯ ಹೂವಿನ ನಡುವೆ ಖಾಲಿ, ಜಾಗ್ವಾರಿನ ಹೂವಿನ ನಡುವೆ ಚುಕ್ಕೆ. ಯಾರೋ ಕೂತು ಒಂದೊಂದಕ್ಕೂ ಬೊಟ್ಟಿಟ್ಟ ಹಾಗೆ. ಅಷ್ಟು ಅಚ್ಚುಕಟ್ಟಾದ ಪ್ರಾಣಿಗೆ ಇನ್ನೊಬ್ಬರ ಹೆಸರು ಹಚ್ಚುವುದು ನನಗೂ ಸರಿಕಾಣಲಿಲ್ಲ. ಜಾಗ್ವಾರ್ ಎಂದೇ ಇಟ್ಟೆವು. ಅವಳು ಪ್ರಾಣಿಯನ್ನು 'ಅವನು' ಎನ್ನುತ್ತಿದ್ದಳು. 'ಅದು' ಅನ್ನಬೇಕು ಎಂದು ಎರಡು ಸಲ ತಿದ್ದಿ ಕೈಬಿಟ್ಟೆ.

ಕಾರ್ಯಕ್ರಮದ ವಿವರಗಳನ್ನು ಸಂಘದ ಪತ್ರಿಕೆಯಲ್ಲಿ ಅಚ್ಚುಹಾಕುವವನು ಗೋಪಿನಾಥ. ಒಳ್ಳೆಯ ಹುಡುಗ; ಹಗಲು ಆಫೀಸು, ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವ ಪರದಾಟ. ನಾನು ಫೋನ್ ಮಾಡಿದಾಗ ಅವನ ಆನ್ಸರಿಂಗ್ ಮೆಷಿನ್ ಮಾತಾಡಿತು. ಬೀಪ್ ಆದಮೇಲೆ ಅವಸರವಾಗಿ ಹೇಳಬೇಕಲ್ಲ, ಹೇಳಿದೆ: "ಗೋಪಿನಾಥ, ನಾನು ಅನಸೂಯ ಆಂಟಿ. ಬರಕೋಪ್ಪ. ಜಾಗ್ವಾರ್ ಉಳಿಸುವ ಬಗೆ. ಮಾನ್ಯಾ ಅಶ್ವತ್ಥ." ಅಶ್ವತ್ಥ ನಮ್ಮ ಅಳಿಯನ ಹೆಸರು. ಅದೇ ಮಾನ್ಯಾಳ ಕೊನೆಯ ಹೆಸರೂ ಹೌದು.

ಪತ್ರಿಕೆ ನಮ್ಮ ಮನೆಗೆ ಬರಲಿಲ್ಲ. ಗೋಪಿನಾಥನ ಮನೆ ನಮ್ಮಿಂದ ಮೂರು ಬೀದಿ ಆಚೆ, ಆದರೆ ಅವನು ಅಂಚೆಗೆ ಹಾಕಿದ ಪತ್ರಿಕೆ ಊರೆಲ್ಲ ಸುತ್ತಿ ಕೊನೆಗೆ ನಮ್ಮಲ್ಲಿಗೆ ಬರುವುದು ವಾಡಿಕೆ.

ಶನಿವಾರ ಕೆಫೆಟೇರಿಯಾಕ್ಕೆ ಕಾಲಿಟ್ಟಾಗ ಏನೋ ಬದಲಾಗಿದೆ ಅನ್ನಿಸಿತು. ನಮ್ಮ ಸಂಘದ ಗಂಡಸರು ಸಾಮಾನ್ಯವಾಗಿ ಪಾರ್ಕಿಂಗ್ ಲಾಟಿನಲ್ಲಿ ನಿಂತು ಬೆಲ್ಟ್‌ವೇ ಟ್ರಾಫಿಕ್ಕನ್ನೂ ಷೇರು ಪೇಟೆಯನ್ನೂ ಮಾತಾಡಿಕೊಂಡು ಊಟದ ಹೊತ್ತಿಗೆ ಒಳಗೆ ಬರುವವರು. ಅಂದು ಅವರೆಲ್ಲ ಮುಂದಿನ ಸಾಲುಗಳಲ್ಲಿ ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಫೈಲು. ಒಬ್ಬರ ಕಂಕುಳಲ್ಲಿ ಉದ್ದನೆಯ ನೀಲಿ ನಕ್ಷೆಯ ಸುರುಳಿ. ಮಕ್ಕಳ ಮಾತಿಗೆ ಇಷ್ಟು ಗಂಡಸರು ಬಂದರಲ್ಲ ಎಂದು ನನ್ನ ಮನಸ್ಸು ತುಂಬಿಬಂತು.

ಫೇರ್‌ಫ್ಯಾಕ್ಸಿನ ಹರಿಪ್ರಸಾದ ಎದ್ದು ನನಗೆ ಕುರ್ಚಿ ಎಳೆದುಕೊಟ್ಟ. "ಆಂಟಿ, ಅವರು ಬಂದ್ರಾ?"

"ಯಾರಪ್ಪ?"

"ಅದೇ, ಮಾನ್ಯ ಅಶ್ವತ್ಥ ಅವರು. ಬೆಂಗಳೂರಿಂದ ಬಂದಿದಾರಂತಲ್ಲ. ಲಾಯರ್ರಾ, ಇಲ್ಲಾ ರೆವಿನ್ಯೂ ಇಲಾಖೆಯವರಾ? ಒಬ್ಬೊಬ್ಬರು ಒಂದೊಂದು ಹೇಳ್ತಿದಾರೆ."

ಅಶ್ವತ್ಥ ಹೊರಗೆ ಹಿಮ ಕೆರೆಯುತ್ತಿದ್ದ. ಅವನನ್ನು ಸಂಘದಲ್ಲಿ ಎಲ್ಲರೂ 'ಆಶ್' ಎಂದು ಕರೆಯುತ್ತಿದ್ದುದರಿಂದ ಆ ಪೂರ್ತಿ ಹೆಸರಿನವನು ಅವನೇ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೇ ಹೊಳೆಯಲಿಲ್ಲ. ಹರಿಪ್ರಸಾದ ಪತ್ರಿಕೆಯನ್ನು ನನ್ನ ಕೈಗಿಟ್ಟ. ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು:

'ಜಾಗವ ಉಳಿಸುವ ಬಗೆ. ಮಾನ್ಯ ಅಶ್ವತ್ಥ ಅವರಿಂದ ವಿಶೇಷ ಉಪನ್ಯಾಸ. ಪ್ರಶ್ನೋತ್ತರಕ್ಕೆ ಅವಕಾಶವಿದೆ.'

ಆ ಕಾಲದಲ್ಲಿ ಅಮೆರಿಕದ ಕನ್ನಡಿಗರಲ್ಲಿ ಬೆಂಗಳೂರಿನಲ್ಲೊಂದು ಸೈಟು ಇಲ್ಲದವರು ಕಡಿಮೆ, ಸೈಟು ಇದ್ದು ನಿದ್ದೆ ಬರುವವರು ಅದಕ್ಕಿಂತ ಕಡಿಮೆ. ಬೇಲಿ ಹಾಕಿದರೆ ಬೇಲಿ ಹೋಗುತ್ತಿತ್ತು. ಬೋರ್ಡು ಹಾಕಿದರೆ ಬೋರ್ಡಿನ ಮೇಲೆ ಬೇರೆಯವರ ಹೆಸರು ಬರುತ್ತಿತ್ತು.

ಗೋಪಿನಾಥನನ್ನು ಕಾಫಿ ಪಾತ್ರೆಯ ಹಿಂದೆ ಹಿಡಿದೆ. ಅವನು ಪತ್ರಿಕೆ ನೋಡಿದ, ನನ್ನ ನೋಡಿದ, ದೂರದಲ್ಲಿ ಲಂಗ ಉಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು, ಗೋಡೆಗೆ ಮುಖಮಾಡಿ ಬಾಯಿಪಾಠ ಮಾಡುತ್ತಿದ್ದ ಮಾನ್ಯಾಳನ್ನು ನೋಡಿದ.

"ಮಾನ್ಯ ಅಂದ್ರೆ ಇವಳಾ ಆಂಟಿ?"

"ಇವಳೇ. 'ಜಾಗವ' ಅಂತ ಹೇಗಪ್ಪಾ ಬರೆದೆ?"

"ನೀವು ಹಳೇ ಕಾಲದ ಬಿ.ಎ. ದ್ವಿತೀಯಾ ವಿಭಕ್ತಿ ಹಾಗೇ ಬಳಸ್ತೀರೇನೋ ಅಂದ್ಕೊಂಡೆ. 'ಜಾಗವನ್ನು' ಅಂತ ತಿದ್ದಕ್ಕೆ ಧೈರ್ಯ ಬರಲಿಲ್ಲ." ಬೆವರು ಒರೆಸಿಕೊಂಡ. "ಈಗಲೇ ಮೈಕಿನಲ್ಲಿ ಹೇಳಿಬಿಡ್ತೀನಿ."

ಹೇಳಿದರೆ ಮುಂದಿನ ಸಾಲುಗಳು ಎದ್ದು ಪಾರ್ಕಿಂಗ್ ಲಾಟಿಗೆ ನಡೆಯುತ್ತವೆ. ಹುಡುಗಿ ಖಾಲಿ ಕುರ್ಚಿಗಳಿಗೆ ಜಾಗ್ವಾರಿನ ಕಥೆ ಹೇಳಬೇಕು. ನಾನು ಅವನ ತೋಳು ಹಿಡಿದುಕೊಂಡೆ. "ಅವಳು ಮಾತು ಮುಗಿಸಲಿ ಗೋಪಿ. ಆಮೇಲೆ ಇಬ್ಬರೂ ಕ್ಷಮೆ ಕೇಳೋಣ."

"ಆ ನಕ್ಷೆ ಹಿಡಕೊಂಡಿರೋರು ಡಾಕ್ಟರ್ ಗುರುಶಾಂತಪ್ಪನವರು ಆಂಟಿ. ಇದಕ್ಕೋಸ್ಕರ ಷಾರ್ಲೆಟ್‌ನಿಂದ ಡ್ರೈವ್ ಮಾಡ್ಕೊಂಡು ಬಂದಿದಾರೆ. ಅವರ ಸೈಟಿನ ಮೇಲೆ ಯಾರೋ ಗಣಪತಿ ಗುಡಿ ಕಟ್ಟಿಬಿಟ್ಟಿದಾರಂತೆ."

ಷಾರ್ಲೆಟ್ ಎಂದರೆ ಕ್ಯಾರೊಲಿನಾ; ಇಡೀ ವರ್ಜೀನಿಯಾ ದಾಟಿ ಬರಬೇಕು, ಅದೂ ಹಿಮದಲ್ಲಿ. ನನ್ನ ಕೈ ಸ್ವಲ್ಪ ಸಡಿಲವಾಯಿತು, ಆದರೆ ಬಿಡಲಿಲ್ಲ.

ಗೋಪಿನಾಥ ಮೈಕಿನ ಮುಂದೆ ನಿಂತು, "ಈಗ... ಮಾನ್ಯಾ ಅಶ್ವತ್ಥ" ಎಂದು, ದೀರ್ಘವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹೇಳಿ ಕೆಳಗಿಳಿದ. ಸಭೆ ಬಾಗಿಲ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಬಾಗಿಲಿಂದ ಯಾರೂ ಬರಲಿಲ್ಲ. ಪಕ್ಕದಿಂದ ಮಾನ್ಯಾ ಬಂದಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಅಡುಗೆಯ ಉಸ್ತುವಾರಿಯ ಶಾಂತಾಬಾಯಿ ಯಾರೂ ಹೇಳುವ ಮೊದಲೇ ಹಾಲಿನ ಕ್ರೇಟೊಂದನ್ನು ತಂದು ಮಗುಚಿಟ್ಟು, ಅದು ಅಲುಗದಂತೆ ಒಂದು ಬದಿಗೆ ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರ ಮಡಿಸಿ ತೂರಿಸಿ, ಏನೂ ಮಾಡದವಳಂತೆ ಹೋದಳು.

"ಪ್ರಾರ್ಥನೆ ಇರಬೇಕು" ಎಂದ ಹರಿಪ್ರಸಾದ. "ಉಪನ್ಯಾಸ ಆಮೇಲೆ."

"ನಮಸ್ಕಾರ" ಎಂದಳು ಮಾನ್ಯಾ. "ನಾನು ಅವನ ಜಾಗದ ಬಗ್ಗೆ ಹೇಳ್ತೀನಿ. ಅವನಿಗೆ ತುಂಬಾ ದೊಡ್ಡ ಜಾಗ ಇತ್ತು."

ಮುಂದಿನ ಸಾಲು ಮುಂದಕ್ಕೆ ಬಾಗಿತು. ಒಂದೆರಡು ಪೆನ್ನುಗಳ ಟೋಪಿ ತೆಗೆದ ಸದ್ದು.

ಈ ಹಂತಕ್ಕೆ ಪರದೆಯ ಮೇಲೆ ಜಾಗ್ವಾರಿನ ಚಿತ್ರ ಬರಬೇಕಾಗಿತ್ತು. ಸ್ಲೈಡ್ ಪ್ರೊಜೆಕ್ಟರ್ ಇದ್ದದ್ದು ಅವಳ ತಾತನ ಕೈಯಲ್ಲಿ. ಅವರು ಅರಿವಳಿಕೆಯ ಡಾಕ್ಟರಾಗಿದ್ದವರು. ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಸಾವಿರಾರು ಜನರನ್ನು ಮಲಗಿಸಿ ಎಬ್ಬಿಸಿದವರು. ಪ್ರೊಜೆಕ್ಟರ್ ಮಾತ್ರ ಅವರಿಗೆ ಏಳಲಿಲ್ಲ. ಅವರು ಅದರ ಬೆನ್ನು ತಟ್ಟುತ್ತಿದ್ದರು. ಮಾನ್ಯಾ ಕಾಯದೆ ಮುಂದುವರಿಸಿದಳು.

"ಅವನು ಒಬ್ಬನೇ ಇರ್ತಾನೆ. ತುಂಬಾ ದೂರ ಹೋಗ್ತಾನೆ. ಅವನು ಇಲ್ಲದಾಗ ಜನ ಬಂದ್ರು. ಮರ ಕಡಿದ್ರು. ಬೇಲಿ ಹಾಕಿದ್ರು. ದನ ಕಟ್ಟಿದ್ರು."

"ಎನ್ನಾರೈ ಕೇಸು" ಎಂದ ಹರಿಪ್ರಸಾದ, ಹೆಂಡತಿ ಉಷಾಳ ಕಿವಿಯಲ್ಲಿ, ಇಡೀ ಸಾಲಿಗೆ ಕೇಳುವಂತೆ. "ನಮ್ದೂ ಹೀಗೇ ಆಗಿದ್ದು. ಫಸ್ಟು ದನ ಕಟ್ತಾರೆ, ಆಮೇಲೆ ಶೆಡ್ಡು."

"ಅವನು ವಾಪಸ್ ಬಂದ. ಅವನಿಗೆ ತುಂಬಾ ಹಸಿವು. ದನ ತಿಂದ."

ಸಭೆಯಲ್ಲಿ ಸಣ್ಣ ಗಲಿಬಿಲಿಯಾಯಿತು.

"ದನ ತಿಂದನಂತಾ?" ಎಂದಳು ಉಷಾ.

"ಕೋಪಕ್ಕೆ ಇರಬೇಕು."

"ಎಷ್ಟೇ ಕೋಪ ಬಂದ್ರೂ."

"ಅದಕ್ಕೆ ಜನ ಅವನಿಗೆ ಗುಂಡು ಹೊಡೆದ್ರು" ಎಂದಳು ಮಾನ್ಯಾ.

"ಅಯ್ಯೋ ದೇವರೇ, ಒಂದು ಸೈಟಿಗೆ" ಎಂದು ಯಾರೋ ಉಸಿರೆಳೆದರು. "ಕೋರ್ಟಿಗಾದ್ರೂ ಹೋಗಬಾರದಿತ್ತಾ" ಎಂದರು ಇನ್ನೊಬ್ಬರು. "ಯಾವ ಲೇಔಟಂತೆ?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಆ ಹೊತ್ತಿಗೆ ಸರಿಯಾಗಿ ಪ್ರೊಜೆಕ್ಟರಿಗೆ ಎಚ್ಚರವಾಗಿ, ಪರದೆಯ ತುಂಬ ಜಾಗ್ವಾರ್ ಬಂತು. ತಲೆಕೆಳಗಾಗಿ ಬಂತು. ಯಜಮಾನರು ತಿರುಗಿಸಿ ಹಾಕಿದರು. ಬಂಡೆಯ ಮೇಲೆ ನಿಂತು ಅದು ಬೆಂಗಳೂರಿನ ಸೈಟುದಾರರನ್ನೆಲ್ಲ ನೇರವಾಗಿ ನೋಡಿತು.

ಉಷಾ ಮೊದಲು ನಕ್ಕಳು. ಬಳಿಕ ಹರಿಪ್ರಸಾದ, ಆಮೇಲೆ ಅವನ ಸಾಲು, ಆಮೇಲೆ ಇಡೀ ಕೆಫೆಟೇರಿಯಾ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಒಬ್ಬರ ಭುಜ ಒಬ್ಬರು ತಟ್ಟಿದರು. ಅವರೆಲ್ಲ ತಮ್ಮನ್ನು ತಾವೇ ನೋಡಿ ನಗುತ್ತಿದ್ದರು. ಕ್ರೇಟಿನ ಮೇಲೆ ನಿಂತ ಹುಡುಗಿಗೆ ಅದು ಗೊತ್ತಾಗುವುದು ಹೇಗೆ? ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಗುಂಡು ಹೊಡೆದರು ಅಂದೆ, ಇವರು ನಕ್ಕರು. ಅವಳ ಕೆಳತುಟಿ ಒಳಗೆ ಹೋಯಿತು. ಕೈಯಲ್ಲಿದ್ದ ಕಾಗದವನ್ನು ಮಡಿಸಿದಳು. ಮಗಳು ಸುರಭಿ ನನ್ನ ಮೊಣಕೈ ಹಿಡಿದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ನಗದವರು ಒಬ್ಬರೇ, ಷಾರ್ಲೆಟ್ಟಿನ ಗುರುಶಾಂತಪ್ಪನವರು. ಅವರು ಎದ್ದು ನಿಂತರು. ಎತ್ತರದ ಆಳು, ಬಿಳಿ ಮೀಸೆ. ಸಭೆ ಅವರ ಮುಖ ನೋಡಿ ಸುಮ್ಮನಾಯಿತು. ಬೈಯುತ್ತಾರೆ ಎಂದು ನಾನೂ ಅಂದುಕೊಂಡೆ. ಅವರು ಕಂಕುಳಲ್ಲಿದ್ದ ನಕ್ಷೆಯನ್ನು ಕುರ್ಚಿಯ ಕೆಳಗೆ ಸರಿಸಿದರು.

"ಪ್ರಶ್ನೆ ಕೇಳಬಹುದು ಅಂತ ಹಾಕಿದಾರೆ. ಕೇಳಲಾ ಮರೀ?"

ಮಾನ್ಯಾ ತಲೆಯಾಡಿಸಿದಳು.

"ಅವನ ಜಾಗಕ್ಕೆ ಡಾಕ್ಯುಮೆಂಟ್ ಏನಾದರೂ ಇದೆಯಾ? ಇದು ನಂದು ಅಂತ ತೋರಿಸೋಕೆ?"

ಅವಳು ಯೋಚಿಸಿದಳು. ಮಡಿಸಿದ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಇದೆ ಅಂಕಲ್. ಅವನು ಮರಕ್ಕೆ ಉಗುರಲ್ಲಿ ಗೀಚ್ತಾನೆ. ಮತ್ತೆ ಸೂಸೂ ಮಾಡ್ತಾನೆ. ಅದೇ ಡಾಕ್ಯುಮೆಂಟು."

ಮತ್ತೆ ನಗು ಎದ್ದಿತು. "ಕಾಂಪೌಂಡ್ ಕಟ್ಟೋದಕ್ಕಿಂತ ಸಲೀಸು" ಎಂದ ಹರಿಪ್ರಸಾದ. ಈ ಸಲ ಮಾನ್ಯಾ, ರಸ್ತೆ ದಾಟಲು ನಿಂತವಳು ಬಸ್ಸು ಹೋಗಲಿ ಎಂದು ಕಾಯುವ ಹಾಗೆ ಕಾದಳು. ನಗು ಹೋದಮೇಲೆ ಹೇಳಿದಳು.

"ಬೇರೆ ಜಾಗ್ವಾರ್‌ಗಳು ಅದನ್ನ ಓದ್ತಾವೆ. ಓದಿ ದೂರ ಹೋಗ್ತಾವೆ. ಮನುಷ್ಯರಿಗೆ ಓದಕ್ಕೆ ಬರಲ್ಲ."

ಹಿಂದೆ ಶಾಂತಾಬಾಯಿಯ ಸೌಟು ಪಾತ್ರೆಗೆ ತಗುಲಿದ ಸದ್ದು ಕೇಳಿತು.

"ಚಕ್ಕುಬಂದಿ ಹೇಳು" ಎಂದರು ಗುರುಶಾಂತಪ್ಪನವರು. "ಅಂದರೆ, ಎಲ್ಲಿಂದ ಎಲ್ಲಿವರೆಗೆ?"

"ಆ ಕಡೆ ಅರ್ಜೆಂಟೀನಾ. ಈ ಕಡೆ ಅರಿಜೋನ, ನ್ಯೂ ಮೆಕ್ಸಿಕೋ, ಟೆಕ್ಸಸ್. ತುಂಬಾ ಹಳೇ ಬುಕ್ಕಲ್ಲಿ ಕ್ಯಾರೊಲಿನಾದಲ್ಲೂ ಟೈಗರ್ ಇದೆ ಅಂತ ಬರೆದಿದಾರೆ. ಅದು ಇವನೇ ಇರಬಹುದು ಅಂತ ಕೆಲವರು ಹೇಳ್ತಾರೆ. ಶೂರ್ ಇಲ್ಲ."

"ನಮ್ಮ ಕ್ಯಾರೊಲಿನಾದಲ್ಲಾ?" ಗುರುಶಾಂತಪ್ಪನವರು ಕೂತವರ ಕಡೆ ತಿರುಗಿದರು. "ಹಾಗಾದರೆ ನನ್ನ ಮನೆ ಇರೋದು ಅವನ ಸೈಟಿನ ಮೇಲೆ." ಇದನ್ನು ಹೇಳಿದಾಗ ಅವರಿಗೇ ನಗು ಬಂತು. ಅಷ್ಟು ದೂರದಿಂದ ಬಂದ ಮನುಷ್ಯ ನಕ್ಕದ್ದು ನೋಡಿ ಕಾಫಿ ಪಾತ್ರೆಯ ಹಿಂದೆ ಗೋಪಿನಾಥ ಉಸಿರುಬಿಟ್ಟ.

ಆಮೇಲೆ ಮಾನ್ಯಾ ಕಾನೂನಿನ ವಿಷಯ ಹೇಳಿದಳು. ಮೆಕ್ಸಿಕೋದಲ್ಲಿದ್ದರೆ ಪಟ್ಟಿಯಲ್ಲಿ ಹೆಸರಿದೆ, ಗಡಿ ದಾಟಿ ಇಲ್ಲಿಗೆ ಬಂದರೆ ಇಲ್ಲ.

ಹರಿಪ್ರಸಾದನ ಜೊತೆ ಬಂದಿದ್ದ ಚಿರಂತನ್ ಎಂಬ ತರುಣ ಕೈಯೆತ್ತಿದ. ಬೆಂಗಳೂರಿಂದ ಎಚ್-ಒನ್ ವೀಸಾದ ಮೇಲೆ ಬಂದು ಇನ್ನೂ ವರ್ಷವಾಗಿರಲಿಲ್ಲ. "ಅಂದ್ರೆ, ಬಾರ್ಡರ್ ದಾಟಿದ ತಕ್ಷಣ ಅವನು ಔಟ್ ಆಫ್ ಸ್ಟೇಟಸ್ಸಾ? ವೀಸಾ ಮುಗಿದವರ ಹಾಗೆ?"

"ಹೂಂ" ಎಂದಳು ಮಾನ್ಯಾ.

"ಅವನ ತಪ್ಪೇನೂ ಇಲ್ಲದೆ?"

"ಯಾರೋ ಲಿಸ್ಟಲ್ಲಿ ಹಾಕೋಕೆ ಮರೆತರು."

ಸಭೆಯ ಆ ಭಾಗದಲ್ಲಿ, ವೀಸಾದ ಮೇಲಿದ್ದವರ ಕುರ್ಚಿಗಳಲ್ಲಿ, ದೊಡ್ಡ ನಿಟ್ಟುಸಿರು ಕೇಳಿತು. ಗುಂಡು ಹೊಡೆದ ಸುದ್ದಿಗೂ ಅವರು ಅಷ್ಟು ಮರುಗಿರಲಿಲ್ಲ.

"ಅದಕ್ಕೆ ನೀವೆಲ್ಲ ಗವರ್ನಮೆಂಟ್‌ಗೆ ಬರೀಬೇಕು. ನಿಮ್ಮ ಮಾತಲ್ಲಿ. ಸೈನ್ ಮಾಡಿ ನಂಗೆ ಕೊಡಬೇಕು. ಪ್ಲೀಸ್. ಥ್ಯಾಂಕ್ಯೂ. ವಂದನೆಗಳು."

ಎಳ್ಳುಬೆಲ್ಲದ ಮೇಜಿನ ಪಕ್ಕದಲ್ಲೇ ಕಾಗದ ಪೆನ್ನು ಇಟ್ಟಿದ್ದೆವು. ಜನ ಬಂದರು, ಎಳ್ಳುಬೆಲ್ಲ ತೆಗೆದುಕೊಂಡರು, ಮಾನ್ಯಾಳ ಕೆನ್ನೆ ಮುಟ್ಟಿ "ತುಂಬಾ ಚೆನ್ನಾಗಿ ಮಾತಾಡಿದೆ ಪುಟ್ಟಿ" ಎಂದರು, ಕಾಗದದ ಹತ್ತಿರ ಬಂದು ನಿಂತರು. ಅಲ್ಲೇ ನಿಂತರು.

"ಪುಟ್ಟಿ, ಇದು ಫೆಡರಲ್ ಗವರ್ನಮೆಂಟ್‌ಗೆ ಹೋಗುತ್ತಲ್ವಾ?" ಎಂದ ಚಿರಂತನ್ ಮೆಲ್ಲಗೆ. "ನಮ್ಮ ಗ್ರೀನ್ ಕಾರ್ಡ್ ಅ‌ಪ್ಲೈ ಮಾಡೋ ಲಾಯರ್, ಗವರ್ನಮೆಂಟಿನ ಯಾವ ಪೇಪರ್‌ಗೂ ನನ್ನ ಕೇಳದೆ ಸೈನ್ ಮಾಡಬೇಡ ಅಂದಿದಾರೆ."

"ನನ್ನ ಲಾಯರ್ರೂ ಅಂದಿದಾರೆ" ಎಂದರು ಹಿಂದಿನವರು. ಸಾಲು ಸಾಲೇ ಅಲುಗಾಡದೆ ನಿಂತುಬಿಟ್ಟಿತು. ಅಮೆರಿಕದ ಪ್ರಜೆಗಳೇ ಆಗಿದ್ದ ಹರಿಪ್ರಸಾದನಂಥವರು ಕೂಡ, ಎಲ್ಲರೂ ನಿಂತದ್ದು ನೋಡಿ, ಏನೋ ಇರಬೇಕು ಎಂದು ನಿಂತರು. ಮಾನ್ಯಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಅವರೆಲ್ಲ ಅವಳ ಕಣ್ಣು ತಪ್ಪಿಸಿ ಕೊಬ್ಬರಿ ಚೂರುಗಳನ್ನು ಆರಿಸಿ ತಿನ್ನುತ್ತಿದ್ದರು. ಕೆಟ್ಟವರಲ್ಲ, ಹೆದರಿದವರು.

ಗುರುಶಾಂತಪ್ಪನವರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಹಾಕಿ, ಒಂದು ಪುಟ ಪೂರ್ತಿ ಬರೆದರು. ಇಂಗ್ಲಿಷಿನಲ್ಲೇ ಬರೆದರು, ಆದರೆ ಅದು ದಾವಣಗೆರೆಯ ತಾಲ್ಲೂಕು ಕಚೇರಿಯ ಇಂಗ್ಲಿಷು. ಬರೆದದ್ದನ್ನು ಅವರು ಮಾನ್ಯಾಳಿಗೆ ಕನ್ನಡದಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಂಡರು.

"ವಿಷಯ: ಶ್ರೀ ಜಾಗ್ವಾರ್, ಖಾಯಂ ವಿಳಾಸ ಕಾಡು, ಇವರ ಪಿತ್ರಾರ್ಜಿತ ಸ್ವತ್ತಿನ ಒತ್ತುವರಿ ಕುರಿತು. ಸದರಿಯವರು ಊರಲ್ಲಿಲ್ಲದ ಸಮಯ ನೋಡಿ ಮರ ಕಡಿದು ಬೇಲಿ ಹಾಕಲಾಗಿದೆ. ಸದರಿಯವರು ವಾಪಸ್ ಬಂದಾಗ ಅವರ ಹೆಸರು ದಾಖಲೆಯಲ್ಲಿ ಇಲ್ಲ ಎನ್ನಲಾಗಿದೆ. ದಾಖಲೆಯಲ್ಲಿ ಬಿಟ್ಟುಹೋದದ್ದು ಕಚೇರಿಯ ಲೋಪವೇ ಹೊರತು ಸದರಿಯವರದಲ್ಲ. ಇಂಥ ಕಷ್ಟ ನನಗೂ ಗೊತ್ತಿರುವುದರಿಂದ ಈ ಅರ್ಜಿ. ಸರಿಯಾ ಮರೀ?"

"ಕಾಡು ಅಲ್ಲ ಅಂಕಲ್. ಕಾಡು, ಗುಡ್ಡ, ನದಿ. ಅವನಿಗೆ ನೀರು ಇಷ್ಟ."

ಅವರು ಗುಡ್ಡ, ನದಿ ಸೇರಿಸಿ ಸಹಿ ಹಾಕಿದರು. ಆಮೇಲೆ ತಿರುಗಿ ಚಿರಂತನ್‌ನನ್ನು ನೋಡಿದರು. ಬೈಯಲಿಲ್ಲ, ನೋಡಿದರು ಅಷ್ಟೆ. ಅವನು ಕೊಬ್ಬರಿ ಅಗಿಯುವುದನ್ನು ನಿಲ್ಲಿಸಿದ.

"ಕನ್ನಡದಲ್ಲಿ ಸೈನ್ ಮಾಡಿದ್ರೆ ನಡೆಯುತ್ತಾ?" ಎಂದು ಮಾನ್ಯಾಳನ್ನು ಕೇಳಿದ.

"ಯಾಕೆ?"

"ಅವರಿಗೆ ಓದಕ್ಕೆ ಬರಲ್ಲ."

ಮಾನ್ಯಾ ಸುರಭಿಯನ್ನು ನೋಡಿದಳು, ಸುರಭಿ ನನ್ನನ್ನು ನೋಡಿದಳು. "ಸಹಿ ಸಹಿಯೇ" ಎಂದೆ ನಾನು. ಚಿರಂತನ್ ಬಗ್ಗಿ ನಾಲ್ಕು ಸಾಲು ಬರೆದು, ಕೆಳಗೆ ದುಂಡಾದ ಕನ್ನಡದಲ್ಲಿ ಹೆಸರು ಹಾಕಿದ. ಆಮೇಲೆ ಏನನ್ನಿಸಿತೋ, ಪಕ್ಕದಲ್ಲಿ ಇಂಗ್ಲಿಷಿನಲ್ಲೂ ಬರೆದುಬಿಟ್ಟ. ಆದರೆ ಅವನ ಉಪಾಯ ಸಾಲಿನಲ್ಲಿ ಹಬ್ಬಿತ್ತು. ಲಾಯರುಗಳೆಲ್ಲ ಆಗಲೇ ಮರೆತುಹೋಗಿದ್ದರು. ಎಷ್ಟೋ ವರ್ಷಗಳಿಂದ ಕನ್ನಡದಲ್ಲಿ ಸಹಿ ಹಾಕದವರು ಕೈ ತಡವರಿಸಿ ನಕ್ಕರು. ಉಷಾ ತನ್ನ ಹೆಸರಿನ ಷ-ಕ್ಕೆ ಹೊಟ್ಟೆ ಸೀಳಲು ಮರೆತು ಹರಿಪ್ರಸಾದನಿಂದ ತಿದ್ದಿಸಿಕೊಂಡಳು. ಪತ್ರ ಓದುವ ಅಧಿಕಾರಿಗಳಿಗೆ ಇದು ಯಾವ ದೇಶದ ಜಾಗ್ವಾರಿನ ಭಾಷೆಯೋ ಅನ್ನಿಸಿರಬೇಕು.

ಊಟದ ಹೊತ್ತಿಗೆ ಮಾನ್ಯಾ ತನ್ನ ತಟ್ಟೆ ಹಿಡಿದು ಗುರುಶಾಂತಪ್ಪನವರ ಪಕ್ಕ ಹೋಗಿ ಕೂತಳು. ಏನು ನಡೆದಿತ್ತೆಂದು ಗೋಪಿನಾಥ ಅಷ್ಟರಲ್ಲಿ ಅವಳಿಗೆ ಹೇಳಿ, ಅವಳಿಂದ ಕ್ಷಮೆಯನ್ನೂ ಪಡೆದಿದ್ದ.

"ಅಂಕಲ್, ನಿಮ್ಮ ಜಾಗದಲ್ಲಿ ಈಗ ಯಾರಿದಾರೆ?"

"ಗಣಪತಿ."

"ಎಲಿಫೆಂಟಾ?"

"ಸುಮಾರಾಗಿ ಹಾಗೇ."

ಅವಳು ಬಹಳ ಹೊತ್ತು ಯೋಚಿಸುತ್ತ ಪೊಂಗಲ್ ತಿಂದಳು. "ಎಲಿಫೆಂಟೂ ಎಂಡೇಂಜರ್ಡ್ ಅಂಕಲ್. ಇರಲಿ ಬಿಡಿ."

ಗುರುಶಾಂತಪ್ಪನವರು ಹೂಂ ಎಂದರು. ತಟ್ಟೆಯಲ್ಲಿದ್ದ ಗೋಡಂಬಿಗಳನ್ನು ಅವಳ ತಟ್ಟೆಗೆ ಸರಿಸಿದರು. ಹೊರಡುವಾಗ ನಕ್ಷೆಯನ್ನು ಕುರ್ಚಿಯ ಕೆಳಗೇ ಮರೆತಿದ್ದರು. ಅಶ್ವತ್ಥ ಹಿಮದಲ್ಲಿ ಓಡಿಹೋಗಿ ಕಾರಿನ ಕಿಟಕಿಯಿಂದ ಕೊಟ್ಟುಬಂದ. "ನೀವು ಯಾರು?" ಎಂದು ಅವರು ಕೇಳಿದರಂತೆ. "ನಾನೇ ಮಾನ್ಯ ಅಶ್ವತ್ಥ" ಎಂದನಂತೆ ನಮ್ಮ ಅಳಿಯ.

ಸೋಮವಾರ ಕಾಗದಗಳು ಅಂಚೆಗೆ ಹೋದವು. ಪೋಸ್ಟ್‌ಮ್ಯಾನ್ ಲಕೋಟೆಯ ದಪ್ಪ ನೋಡಿ ನಾಚಿ ತನ್ನದೂ ಒಂದು ಬರೆದು ಸೇರಿಸಿದ.

ಜುಲೈ ತಿಂಗಳಲ್ಲಿ ಸರ್ಕಾರ ತನ್ನ ತೀರ್ಮಾನ ಹೇಳಿತು. ಅಮೆರಿಕದ ಒಳಗಿನ ಜಾಗ್ವಾರಿಗೂ ಪಟ್ಟಿಯಲ್ಲಿ ಹೆಸರು ಬಂತು. ದೇಶದ ನಾನಾ ಕಡೆಯಿಂದ ಬರೆದವರೆಷ್ಟೋ ಜನ. ನಮ್ಮ ಎಳ್ಳುಬೆಲ್ಲದ ಕಾಗದಗಳು ಅದರಲ್ಲಿ ಎಷ್ಟರವು ಎಂದು ನನಗೆ ಗೊತ್ತಿಲ್ಲ. ಮಾನ್ಯಾಳಿಗೆ ಆ ಅನುಮಾನ ಇರಲಿಲ್ಲ. ಅವಳು ನೇರವಾಗಿ ಷಾರ್ಲೆಟ್‌ಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದೆ.

"ಅಂಕಲ್, ನಾನು ಮಾನ್ಯಾ. ಅವನ ಹೆಸರು ಲಿಸ್ಟಲ್ಲಿ ಬಂತು. ನಾವು ಗೆದ್ವಿ."

ಆ ಕಡೆಯಿಂದ ಗುರುಶಾಂತಪ್ಪನವರ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. "ಬಹಳ ಸಂತೋಷ ಮರೀ. ಪೊಸೆಷನ್ ಯಾವಾಗ?"

"ಅಂದ್ರೆ?"

"ಹೆಸರು ದಾಖಲೆಯಲ್ಲಿ ಬಂತು. ಜಾಗ ಅವನ ಕೈಗೆ ಯಾವಾಗ ಬರುತ್ತೆ? ಯಾವ ಗುಡ್ಡ, ಯಾವ ನದಿ, ಬರೆದಿದಾರಾ?"

ಮಾನ್ಯಾ ಅಪ್ಪ ತಂದುಕೊಟ್ಟಿದ್ದ ಕಾಗದಗಳನ್ನು ತಿರುವಿದಳು. "ಇಲ್ಲ ಅಂಕಲ್. ಜಾಗ ಯಾವುದು ಅಂತ ಈಗ ಹೇಳಲ್ಲ ಅಂತ ಬರೆದಿದಾರೆ."

"ಹಾಗಾದರೆ ಅರ್ಧ ಕೆಲಸ ಆಯ್ತು. ಬಿಡಬೇಡ, ಬೆನ್ನು ಹತ್ತು. ಪೆನ್ ತಗೋ, ನಾನು ಹೇಳ್ತೀನಿ."

ಅವಳು ಪೆನ್ ತೆಗೆದುಕೊಂಡಳು. ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಅವರು ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತ, ಕನ್ನಡದಲ್ಲೇ ಬರೆದುಕೊಳ್ಳತೊಡಗಿದಳು. ನಡುವೆ ಒಮ್ಮೆ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

"ಅಜ್ಜಿ, ಒತ್ತುವರಿಗೆ ಯಾವ ತ?"

ನಾನು ಹೇಳಿದೆ. ಅವಳು ಬರೆದುಕೊಂಡಳು.